ಬಾಂದುಕಲ್ಲಿಗೆ ಕಟ್ಟಿದ ಬಾವುಟ

ನಮ್ಮ ಚಿಕ್ಕಪ್ಪ ನನ್ನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ನನಗೆ ಶುಗರ್ ಬಂದು ಎರಡು ವರ್ಷ. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಸಂಗತಿಗಳು ರಾಜಾನುಕುಂಟೆಯ ಆಚೆ ಒಂದು ನೀಲಗಿರಿ ತೋಪಿನಲ್ಲಿ, ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಮುಖಾಮುಖಿಯಾದವು. ಅದಕ್ಕೆ ಕಾರಣ ಒಂದು ಆಟ. ಆ ಆಟದ ಹೆಸರನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಸರಿಯಾಗಿ ಹೇಳುವುದಿಲ್ಲ. ನನ್ನ ಹೆಂಡತಿಯಂತೂ ‘ನಿಮ್ಮ ಆ ದಾರಿ ತಪ್ಪೋ ಆಟ’ ಅನ್ನುತ್ತಾಳೆ.

ಯಲಹಂಕದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್ ಮೋಟರುಗಳ ಹಳೇ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಕೆಲಸ. ಕೂತೇ ಮಾಡುವ ಕೆಲಸವಾದ್ದರಿಂದ ಹೊಟ್ಟೆ ತಾನಾಗಿ ಬಂತು, ಅದರ ಬೆನ್ನಿಗೆ ಶುಗರ್ ಬಂತು. ನಡೆಯಿರಿ ಎಂದರು ಡಾಕ್ಟರು. ಮನೆ ಸಹಕಾರನಗರದಲ್ಲಿ, ಎರಡು ರಸ್ತೆ ದಾಟಿದರೆ ಪಾರ್ಕು. ಒಂದು ತಿಂಗಳು ಅದರೊಳಗೆ ಗಾಣದ ಎತ್ತಿನಂತೆ ತಿರುಗಿದೆ. ದಿನವಿಡೀ ತಂತಿ ಸುತ್ತುವವನು ಬೆಳಗಾಗೆದ್ದು ತಾನೇ ಸುತ್ತಬೇಕೆಂದರೆ ಅದೆಂಥ ಶಿಕ್ಷೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಗೊಣಗುತ್ತಿದ್ದೆ.

ಹಾಗೆ ಗೊಣಗುವಾಗ ಒಂದು ದಿನ ಕೇಳಿಸಿಕೊಂಡವರು ನಿವೃತ್ತ ಪಿ.ಟಿ. ಮೇಡಂ ಒಬ್ಬರು. ಮನೆಯ ಸಂಪಿನ ಮೋಟರ್ ರಿಪೇರಿಗೆ ತಂದಿದ್ದರು. ಅರವತ್ತು ದಾಟಿದವರು, ಆದರೆ ಕುತ್ತಿಗೆಯಲ್ಲಿ ಇನ್ನೂ ಸೀಟಿ. ನಾನು ರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದ ವೈಂಡಿಂಗ್ ಚಿತ್ರವನ್ನು ಎತ್ತಿಕೊಂಡು ನೋಡಿ, “ಇಷ್ಟು ಸಣ್ಣ ಗೆರೆ ಓದೋರು ಪಾರ್ಕಲ್ಲಿ ಯಾಕ್ರೀ ಸುತ್ತುತೀರಾ? ಭಾನುವಾರ ನಮ್ಮ ಜೊತೆ ಬನ್ನಿ” ಎಂದರು. ಆಜ್ಞೆಯೋ ಆಹ್ವಾನವೋ ತಿಳಿಯಲಿಲ್ಲ. ಹೋದೆ.

ಓರಿಯೆಂಟೀರಿಂಗ್ ಅಂದರೆ ಇಷ್ಟೇ. ಕೈಗೊಂದು ನಕ್ಷೆ, ಒಂದು ಕಂಪಾಸ್ ಕೊಡುತ್ತಾರೆ. ನಕ್ಷೆಯ ಮೇಲೆ ಹತ್ತೋ ಹನ್ನೆರಡೋ ಕೆಂಪು ಸುತ್ತುಗಳು. ಪ್ರತಿ ಸುತ್ತಿನ ನಡುವೆ ಒಂದು ಬಂಡೆಯೋ ಗುಂಡಿಯೋ ಬೇಲಿಯ ಮೂಲೆಯೋ ಇರುತ್ತದೆ. ನಿಜವಾದ ಆ ಜಾಗಕ್ಕೆ ಹೋದರೆ ಅಲ್ಲಿ ಕಿತ್ತಳೆ-ಬಿಳಿ ಬಟ್ಟೆಯ ಬಾವುಟ, ಅದರ ಮೇಲೊಂದು ನಂಬರ್. ಪಕ್ಕದಲ್ಲಿ ನೇತುಬಿಟ್ಟ ಪಂಚಿನಿಂದ ನಮ್ಮ ಕಾರ್ಡಿಗೆ ತೂತು ಹಾಕಿಕೊಂಡು ಮುಂದಿನ ಬಾವುಟಕ್ಕೆ ಓಡಬೇಕು. ಯಾವ ದಾರಿಯಲ್ಲಿ ಹೋಗುತ್ತೀರೋ ನಿಮ್ಮಿಷ್ಟ. ಯಾರನ್ನೂ ಕೇಳುವಂತಿಲ್ಲ.

ಈ ಕೊನೆಯ ನಿಯಮ ಇದೆಯಲ್ಲ, ಅದು ಬೆಂಗಳೂರಿನವರಿಗೆ ಹೇಳಿ ಮಾಡಿಸಿದ್ದಲ್ಲ. ನಾವು ದಾರಿ ಹುಡುಕುವುದೇ ಕೇಳಿಕೊಂಡು. ಫೋನು ಬಲಕ್ಕೆ ತಿರುಗು ಎಂದು ಹೇಳುತ್ತಿರುವಾಗಲೇ ಗಾಡಿ ನಿಲ್ಲಿಸಿ ಟೀ ಅಂಗಡಿಯವನನ್ನು ಇನ್ನೊಮ್ಮೆ ಕೇಳುವ ಜನ. ಅವನೂ ಅಷ್ಟೇ, ಗೊತ್ತಿಲ್ಲ ಎಂದು ಹೇಳಿ ಯಾರಿಗೂ ಬೇಜಾರು ಮಾಡುವುದಿಲ್ಲ. ಹಿಂಗೇ ಸ್ಟ್ರೇಟ್ ಹೋಗಿ, ಮುಂದೆ ಯಾರನ್ನಾದ್ರೂ ಕೇಳಿ ಎಂದು ಕಳಿಸುತ್ತಾನೆ. ಮೊದಲ ಭಾನುವಾರ ಹೆಬ್ಬಾಳದ ಕಡೆ ಒಂದು ಕಾಲೇಜಿನ ಆವರಣದ ಮರಗಳ ನಡುವೆ ಆಟವಿತ್ತು. ನಾನು ಎರಡನೇ ಬಾವುಟ ಸಿಗದೆ ಅಲ್ಲಿದ್ದ ವಾಚ್‌ಮನ್ನನ್ನು ಕೇಳಿದೆ. ಆತ ಬಾವುಟವನ್ನು ಕಂಡವನೇ ಅಲ್ಲ, ಆದರೂ ಬಹಳ ಧೈರ್ಯವಾಗಿ ಕೈ ತೋರಿಸಿದ. ಅದನ್ನು ನಂಬಿ ಹೋದವನು ಕ್ಯಾಂಟೀನಿನ ಮುಂದೆ ನಿಂತಿದ್ದೆ. ಶುಗರ್ ಇದ್ದರೂ ಒಂದು ಕಾಫಿ ಕುಡಿದು ವಾಪಸ್ ಬಂದೆ. ಮೇಡಂ ಸೀಟಿ ಊದಿ ನನ್ನನ್ನು ಆಟದಿಂದ ತೆಗೆದರು.

ಮೇಡಂಗೆ ಒಂದು ಹುಚ್ಚಿತ್ತು. ಮಾಮೂಲಿ ಆಟ ಎರಡು ವಾರವಾದ ಮೇಲೆ ಅವರಿಗೆ ಬೇಸರ ಬರುತ್ತಿತ್ತು. “ಬರೀ ಓಡಿದ್ರೆ ಕಾಲು ಕಲಿಯುತ್ತೆ, ತಲೆ ಕಲಿಯಲ್ಲ” ಎನ್ನುತ್ತ ಪ್ರತಿ ವಾರ ಏನಾದರೂ ಹೊಸ ವರಸೆ ತೆಗೆಯುತ್ತಿದ್ದರು. ಒಂದು ವಾರ ನಕ್ಷೆಯನ್ನು ಕೈಗೆ ಕೊಡಲೇ ಇಲ್ಲ. ಸಹಕಾರನಗರದ ಪಾರ್ಕಿನಲ್ಲಿ ಒಂದು ಹೊಂಗೆ ಮರಕ್ಕೆ ಅದನ್ನು ಅಂಟಿಸಿದ್ದರು. ನೋಡಿ ನೆನಪಿಟ್ಟುಕೊಂಡು ಓಡಬೇಕು, ಮರೆತರೆ ಮತ್ತೆ ಮರದ ಹತ್ತಿರ ಬರಬೇಕು. ಐವತ್ತಾರು ವರ್ಷದ ತಲೆ. ಒಂದೇ ಬಾವುಟಕ್ಕೆ ನಾಲ್ಕು ಸಲ ಮರದ ಹತ್ತಿರ ಬಂದೆ. ಕಲ್ಲುಬೆಂಚಿನ ಮೇಲೆ ಕೂತಿದ್ದ ಹೆಂಗಸರು ನನ್ನ ಬೀಗದ ಕೈ ಕಳೆದಿದೆ ಎಂದುಕೊಂಡು ಎದ್ದು ಹುಲ್ಲಿನಲ್ಲಿ ಹುಡುಕಲು ಶುರುಮಾಡಿದರು. ಬೇಡ ಎಂದರೂ ಬಿಡಲಿಲ್ಲ. ಯಾರದೋ ಒಂದು ಬೆಳ್ಳಿ ಕಾಲುಂಗುರ ಸಿಕ್ಕಿತು.

ಇನ್ನೊಂದು ವಾರ ನಕ್ಷೆಯಲ್ಲಿ ಮರ, ಕಟ್ಟಡ, ದಾರಿ ಎಲ್ಲವನ್ನೂ ಅಳಿಸಿ, ನೆಲದ ಏರಿಳಿತ ತೋರಿಸುವ ಕಂದು ಗೆರೆಗಳನ್ನು ಮಾತ್ರ ಉಳಿಸಿ ಕೊಟ್ಟರು. ಎಲ್ಲರೂ ಕಕ್ಕಾಬಿಕ್ಕಿ. ನನಗೆ ಮಾತ್ರ ಅದು ನನ್ನ ಅಂಗಡಿಯ ಕಾಯಿಲ್ ಹಾಗೆ ಕಂಡಿತು. ಸುತ್ತು ಒತ್ತೊತ್ತಾಗಿದ್ದರೆ ಏರು, ಬಿಡಿಬಿಡಿಯಾಗಿದ್ದರೆ ಸಮತಟ್ಟು. ಅವತ್ತು ನಾನೇ ಮೊದಲು ಬಂದೆ. ನಮ್ಮ ಗುಂಪಿನಲ್ಲಿ ಆರ್.ಟಿ. ನಗರದ ಹಲ್ಲಿನ ಡಾಕ್ಟರೊಬ್ಬರಿದ್ದಾರೆ, ಕಾಲಿಗೆ ಅಂಟಿಕೊಂಡಂಥ ಪ್ಯಾಂಟು ಹಾಕಿ ಜಿಂಕೆಯಂತೆ ಓಡುವವರು. ಅವರು ನನಗಿಂತ ಏಳು ನಿಮಿಷ ತಡವಾಗಿ ಬಂದರು. ಈ ವಿಷಯವನ್ನು ನಾನು ಆ ವಾರ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದ್ದೇನೆ.

ಹೊಟ್ಟೆಕಿಚ್ಚಿಗೋ ಏನೋ, ಮುಂದಿನ ವರಸೆ ತಮ್ಮದು ಎಂದರು ಡಾಕ್ಟರು. ಜನಜಂಗುಳಿಯಲ್ಲಿ ಗಮನ ಕೆಡಬಾರದು ಎಂಬುದು ಅವರ ಪಾಠ. ಯಶವಂತಪುರದ ಸಗಟು ಮಾರುಕಟ್ಟೆಗೆ ಶುಕ್ರವಾರ ಸಂಜೆ ಹೋಗಿ ಅಲ್ಲಿಯ ನಕ್ಷೆ ಬರೆದರು. ಬಹಳ ಶ್ರದ್ಧೆಯ ಮನುಷ್ಯ. ಅಂಗಡಿ ಸಾಲು, ತೂಕದ ಯಂತ್ರ, ಈರುಳ್ಳಿ ಮೂಟೆಗಳ ರಾಶಿ, ಆಲೂಗಡ್ಡೆ ಮೂಟೆಗಳ ರಾಶಿ, ಎಲ್ಲವನ್ನೂ ಗುರುತು ಹಾಕಿದ್ದರು. ಶನಿವಾರ ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ರಾಶಿಗಳು ಲಾರಿ ಹತ್ತಿಯಾಗಿತ್ತು, ಹೊಸ ರಾಶಿಗಳು ಬೇರೆ ಕಡೆ ಬಿದ್ದಿದ್ದವು. ನಕ್ಷೆ ಹಿಡಿದು ನಿಂತ ನನಗೆ ಹಿಂದಿನಿಂದ ಮೂಟೆ ಹೊತ್ತ ಹಮಾಲರೊಬ್ಬರು, “ದಾರೀಲಿ ನಿಂತ್ಕೊಂಡು ಏನ್ ಓದ್ತೀರಾ ಸಾರ್, ಜರುಗಿ” ಎಂದು ಗದರಿದರು. ಈರುಳ್ಳಿ ಮೂಟೆಗೆ ಕಟ್ಟಿದ್ದ ಒಂದು ಬಾವುಟ ಮೂಟೆಯ ಜೊತೆಗೇ ಹೋಗಿತ್ತು. ಸೇಲಂ ಕಡೆ ಹೋಗಿರಬೇಕು ಎಂದರು ಅಂಗಡಿಯವರು. ಮೇಡಂ ಡಾಕ್ಟರ ಕಡೆ ಒಂದು ನೋಟ ನೋಡಿದರು, ಅಷ್ಟೇ.

ಕೊನೆಗೆ ಬಂದದ್ದು ಮಾತಿನ ನಕ್ಷೆ. ಇದರಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬ ನಕ್ಷೆ ಹಿಡಿದು ಒಂದೆಡೆ ಕೂರುತ್ತಾನೆ. ಇನ್ನೊಬ್ಬ ಬರಿಗೈಯಲ್ಲಿ ಹೊರಡುತ್ತಾನೆ. ಇಬ್ಬರ ನಡುವೆ ಫೋನು ಮಾತ್ರ. ನನಗೆ ಡಾಕ್ಟರೇ ಜೋಡಿ. ನಾನು ಕೂತೆ, ಅವರು ಓಡಿದರು.

“ಎಡಕ್ಕೆ ಬನ್ನಿ ಡಾಕ್ಟ್ರೇ.”

“ಯಾರ ಎಡಕ್ಕೆ? ನಾನು ಈಗ ಹಿಂದಕ್ಕೆ ತಿರುಗಿದೀನಿ.”

“ಹಿಂದಕ್ಕೆ ಯಾಕ್ರೀ ತಿರುಗಿದ್ರಿ? ಮೂಡ್ಲಕ್ಕೆ ಹೋಗಿ ಅಂದ್ರೆ.”

“ಮೂಡ್ಲ? ಅದ್ಯಾವ ಏರಿಯಾ?”

ಪಕ್ಕದಲ್ಲಿ ಕೂತಿದ್ದ ಮೇಡಂ ನಗಲಿಲ್ಲ. ಆ ಪದ ಎಲ್ಲಿಂದ ಬಂತು ಎಂದು ಕೇಳಿದರು. ನಮ್ಮ ಊರಿನಲ್ಲಿ ಎಡ ಬಲ ಎನ್ನುವುದು ಇರಲಿಲ್ಲ ಎಂದೆ. ಪೂರ್ವ ಮೂಡಲು, ಪಶ್ಚಿಮ ಪಡುವಲು, ಉತ್ತರ ಬಡಗಲು, ದಕ್ಷಿಣ ತೆಂಕಲು. ಮನೆಯೊಳಗಿನ ಉಪ್ಪಿನ ಜಾಡಿಯೂ ತೆಂಕಲ ಗೋಡೆ ಪಕ್ಕದಲ್ಲೇ ಇರುತ್ತಿತ್ತು. ಯಾವ ಕಡೆ ತಿರುಗಿ ನಿಂತರೂ ಮೂಡಲು ಮೂಡಲೇ, ಕೇಳುವವನು ಎತ್ತ ಮುಖ ಮಾಡಿದ್ದಾನೆ ಎಂಬ ತಕರಾರೇ ಇಲ್ಲ. “ಯಾರು ಕಲಿಸಿದ್ದು?” ಎಂದರು. ಚಿಕ್ಕಪ್ಪ ಎಂದೆ. ಹನ್ನೊಂದು ವರ್ಷದಲ್ಲಿ ಚಿಕ್ಕಪ್ಪ ಎಂಬ ಪದವನ್ನು ನಾನು ಹೊರಗಿನವರ ಎದುರು ಹೇಳಿದ್ದು ಅದೇ ಮೊದಲಿರಬೇಕು. ಮೇಡಂ, “ಮುಂದಿನ ವಾರದ ವರಸೆ ನಿಮ್ಮದು. ಜಾಗನೂ ನೀವೇ ನೋಡಿ” ಎಂದುಬಿಟ್ಟರು.

ಈಗ ಚಿಕ್ಕಪ್ಪನ ವಿಷಯ ಹೇಳಬೇಕು. ಹೇಳಲು ನನಗೇನೂ ಖುಷಿಯಿಲ್ಲ, ಏಕೆಂದರೆ ತಪ್ಪು ಪೂರ್ತಿ ನನ್ನದು.

ರಾಜಾನುಕುಂಟೆಯ ಆಚೆ ನಮ್ಮ ತಾತನ ಜಮೀನಿತ್ತು. ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು. ಮೂಡಲ ಅರ್ಧ ಚಿಕ್ಕಪ್ಪನಿಗೆ, ಪಡುವಲ ಅರ್ಧ ನನಗೆ. ನಡುವೆ ಒಂದು ಬಾಂದುಕಲ್ಲು ನೆಟ್ಟರು. ತಾತ ತೋಡಿಸಿದ ಬಾವಿ ನನ್ನ ಪಾಲಿನೊಳಗೆ ಬಂತು. ನೀರು ಇಬ್ಬರಿಗೂ ಎಂದು ಮಾತಾಯಿತು. ನಾನು ಈಜು ಕಲಿತದ್ದು ಆ ಬಾವಿಯಲ್ಲಿ. ಚಿಕ್ಕಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಒಳಗೆ ತಳ್ಳಿ, ಮೇಲೆ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಮುಳುಗಿದರೆ ಎಳೆಯುವರು, ತೇಲಿದರೆ ಸಡಿಲ ಬಿಡುವರು. “ಮೂಡ್ಲ ಮೆಟ್ಲು ಮುಟ್ಟು, ಆಮ್ಯಾಕೆ ಬಡಗ್ಲ ಮೆಟ್ಲು ಮುಟ್ಟು” ಎಂದು ಕೂಗಿ ಹೇಳುವರು. ದಿಕ್ಕುಗಳನ್ನು ನಾನು ಕಲಿತದ್ದು ಹಾಗೆ, ಬಾಯಲ್ಲಿ ನೀರು ತುಂಬಿಕೊಂಡು.

ನನ್ನ ಪಾಲನ್ನು ಮಾರಬೇಕೆಂದು ನಾನು ಹೊರಟಾಗ ಬಾವಿ ಬತ್ತಿ ಬಹಳ ಕಾಲವಾಗಿತ್ತು. ಮಾರಿದ್ದು ತಪ್ಪಲ್ಲ, ಮಾರಬೇಡ ಎಂದು ಚಿಕ್ಕಪ್ಪ ಯಾವತ್ತೂ ಹೇಳಿದವರಲ್ಲ. “ಮಾರೋದಾದ್ರೆ ನಂಗೊಂದ್ ಮಾತ್ ಯೋಳು, ಅಷ್ಟೇಯಾ” ಎಂದಿದ್ದರು. ಹೇಳುತ್ತೇನೆ ಎಂದಿದ್ದೆ. ಮಾತುಕತೆ ಮುಗಿಯಲಿ ಎಂದುಕೊಂಡೆ, ಆಮೇಲೆ ರಿಜಿಸ್ಟ್ರೇಷನ್ ಆಗಲಿ ಎಂದುಕೊಂಡೆ, ಆಮೇಲೆ ಯುಗಾದಿ ಕಳೆಯಲಿ ಎಂದುಕೊಂಡೆ. ಅವರ ಮುಖ ನೋಡಿಕೊಂಡು ಬಾವಿ ಹೋಗುತ್ತೆ ಎಂದು ಹೇಳುವ ಧೈರ್ಯವಿರಲಿಲ್ಲ, ಅದು ನಿಜ. ಅಷ್ಟರಲ್ಲಿ ಲೇಔಟಿನವರ ಜೆಸಿಬಿ ಬಂತು. ಒಂದು ಬೆಳಿಗ್ಗೆ ಚಿಕ್ಕಪ್ಪ ಸದ್ದು ಕೇಳಿ ಎದ್ದು ಬಂದು ನೋಡಿದರೆ ಬಾವಿಗೆ ಮಣ್ಣು ತಳ್ಳುತ್ತಿದ್ದಾರೆ. ಸುತ್ತ ನಿಂತ ಜನಕ್ಕೆಲ್ಲ ವಿಷಯ ಮೊದಲೇ ಗೊತ್ತಿತ್ತು. ಅಲ್ಲಿಂದಲೇ ಅವರು ನನಗೆ ಫೋನ್ ಮಾಡಿದರು. ಪರದೆಯ ಮೇಲೆ ‘ಚಿಕ್ಕಪ್ಪ’ ಎಂದು ಬಂತು. ನಾನು ಎತ್ತಲಿಲ್ಲ.

ಆಮೇಲೆ ಅವರು ಮಾಡಲಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದರು. ಚಿಕ್ಕಮ್ಮ ನನ್ನ ಹೆಂಡತಿಯ ಜೊತೆ ಮಾತಾಡುತ್ತಿದ್ದರು, ಅವರೆಕಾಯಿ ಕಾಲದಲ್ಲಿ ಒಂದು ಚೀಲ ಕಾಯಿ ಕಳಿಸುತ್ತಿದ್ದರು. ಸೊಗಡಿನ ಆ ಕಾಯನ್ನು ಹೆಂಡತಿಗೆ ಬಿಡದೆ ನಾನೇ ಕೂತು ಸುಲಿಯುತ್ತಿದ್ದೆ.

ಹಾಗಾಗಿ ಮೇಡಂ ಜಾಗ ನೋಡಿ ಎಂದ ಕೂಡಲೇ ನನಗೆ ಹೊಳೆದದ್ದು ಚಿಕ್ಕಪ್ಪನ ಜಮೀನಿನ ಬಡಗಲಿಗಿರುವ ನೀಲಗಿರಿ ತೋಪು. ತೋಪಿನ ಯಜಮಾನ ನನ್ನ ಶಾಲೆಯ ಗೆಳೆಯ, ಒಪ್ಪಿಕೊಂಡ. ಬಂಡೆಗಳಿವೆ, ತಗ್ಗುಗಳಿವೆ, ಆಟಕ್ಕೆ ಒಳ್ಳೆ ಜಾಗ ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ, ಚಿಕ್ಕಪ್ಪ ನನ್ನನ್ನು ನೋಡಲಿ ಎಂಬುದು. ನೋಡಿದರೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. “ಅವರಿಗೊಂದು ಮಾತು ಹೇಳ್ಬಿಡ್ರೀ” ಎಂದಳು ಹೆಂಡತಿ. ತೋಪು ಅವರದ್ದಲ್ಲವಲ್ಲ ಎಂದು ವಾದ ಮಾಡಿದೆ. ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ.

ವರಸೆ ಎಂದು ಹೊಸದೇನೂ ಹೊಳೆಯದೆ, ಮಾಮೂಲಿ ಆಟವೇ ಇರಲಿ ಎಂದು ಭಾನುವಾರ ಆರು ಗಂಟೆಗೇ ಹೋಗಿ ಬಾವುಟ ಕಟ್ಟಿದೆ. ಒಟ್ಟು ಹತ್ತು. ಈ ಆಟದಲ್ಲಿ ಬಾವುಟಗಳ ನಂಬರ್ ಮೂವತ್ತೊಂದರಿಂದ ಶುರುವಾಗುತ್ತದೆ. ಮೂವತ್ತೆರಡರಿಂದ ನಲವತ್ತರವರೆಗೆ ತೋಪಿನೊಳಗೆ ಕಟ್ಟಿ ಮುಗಿಸಿ, ಮೂವತ್ತೊಂದನ್ನು ಮಾತ್ರ ತೋಪಿನ ಹೊರಗೆ, ಚಿಕ್ಕಪ್ಪನ ಹೊಲಕ್ಕೂ ಲೇಔಟಿಗೂ ನಡುವಿನ ಆ ಬಾಂದುಕಲ್ಲಿಗೆ ಕಟ್ಟಿದೆ. ಅವರ ಜಗಲಿಯಿಂದ ಅದು ಚೆನ್ನಾಗಿ ಕಾಣುತ್ತದೆ. ಬೇಕೆಂದೇ ಕಟ್ಟಿದ್ದು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ನಮ್ಮ ಊರಿನ ಕಣ್ಣುಗಳನ್ನು. ರಾಜಾನುಕುಂಟೆಯ ಸುತ್ತ ಬೆಳಿಗ್ಗೆದ್ದು ಬದುವಿನ ಮೇಲೆ ಹೊಸ ಬಣ್ಣ ಕಂಡರೆ ಅದನ್ನು ಯಾರೂ ಆಟ ಎಂದುಕೊಳ್ಳುವುದಿಲ್ಲ. ಒಂದು ಕಲ್ಲಿಗೆ ಸುಣ್ಣ ಬಳಿದರೆ ಸಾಕು, ರಸ್ತೆ ಬಂತು ಎಂದು ಸುದ್ದಿ. ಅಂಥದ್ದರಲ್ಲಿ ಬಾಂದುಕಲ್ಲಿಗೆ ಬಾವುಟ, ಬಾವುಟದ ಮೇಲೆ ನಂಬರ್. ಅದು ಸರ್ವೆ ನಂಬರ್ ಅಲ್ಲದೆ ಇನ್ನೇನು ಇರಲು ಸಾಧ್ಯ? ಏಳೂವರೆಗೆ ನಮ್ಮವರು ಆಟ ಶುರುಮಾಡಿದರು. ಎಂಟರ ಹೊತ್ತಿಗೆ ತೋಪಿನ ಬಾಯಲ್ಲಿ ಇಪ್ಪತ್ತು ಮೂವತ್ತು ಜನ, ಅರ್ಧದಷ್ಟು ಜನರ ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು.

“ನಮ್ದು ಮೂವತ್ತೊಂದಲ್ಲ ಕಣ್ರೀ, ಐವತ್ತೆರಡು. ಪಾಣಿ ತಂದಿವ್ನಿ, ನೋಡಿ ಬೇಕಾದ್ರೆ” ಎಂದು ಒಬ್ಬರು ಪಹಣಿಯ ಪ್ರತಿಯನ್ನು ಮೇಡಂ ಮೂಗಿಗೆ ಹಿಡಿದರು.

“ತೋಪ್ನಲ್ಲಿ ಒಂಬತ್ತು ಬಾವ್ಟ ಕಟ್ಟಿದೀರ. ನಮ್ದುಕ್ಯಾಕ್ ಕಟ್ಟಿಲ್ಲ?” ಎಂದು ಇನ್ನೊಬ್ಬರು ಜಗಳಕ್ಕೆ ನಿಂತರು. ರಸ್ತೆ ತಮ್ಮ ಹೊಲಕ್ಕೆ ಬರಬಾರದು ಎನ್ನುವವರದ್ದು ಒಂದು ಪಕ್ಷ, ಬರಲೇಬೇಕು ಎನ್ನುವವರದ್ದು ಇನ್ನೊಂದು. ಅದೇ ಸಮಯಕ್ಕೆ ಡಾಕ್ಟರು ಆ ಅಂಟುಪ್ಯಾಂಟಿನಲ್ಲಿ, ಕೈಯಲ್ಲಿ ನಕ್ಷೆ ಹಿಡಿದು, ಏದುಸಿರು ಬಿಡುತ್ತ ಪೊದೆಯಿಂದ ಹೊರಬಿದ್ದರು. ನಕ್ಷೆ ಕಂಡ ಮೇಲೆ ಉಳಿದಿದ್ದ ಅನುಮಾನವೂ ಹೋಯಿತು. “ಯಾವ ಇಲಾಖೆ ಸಾರ್ ನಿಮ್ದು?” ಎಂದು ನಾಲ್ಕು ಜನ ಸುತ್ತುವರಿದರು. “ಡೆಂಟಲ್” ಎಂದರು ಡಾಕ್ಟರು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಜನರ ಹಿಂದಿನಿಂದ ಚಿಕ್ಕಪ್ಪ ಬರುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಇನ್ನೂ ನೆಟ್ಟಗೆ. ಕೈಯಲ್ಲಿ ಮೂವತ್ತೊಂದನೇ ಬಾವುಟ. ಕಿತ್ತು ಬಿಸಾಡಿರಲಿಲ್ಲ, ಅಂಗವಸ್ತ್ರದ ಹಾಗೆ ಮಡಿಸಿ ಹಿಡಿದಿದ್ದರು. ಜನ ದಾರಿ ಬಿಟ್ಟರು. ಅವರು ಮೇಡಂ ಮುಂದೆ ನಿಂತು, “ಯಾರಮ್ಮ ಅಳ್ತೆ ಮಾಡ್ತಿರೋದು?” ಎಂದು ಕೇಳಿದರು.

ಅಳತೆ ಅಲ್ಲ, ಆಟ ಎಂದು ಮೇಡಂ ವಿವರಿಸಿದರು. ನಕ್ಷೆ ತೋರಿಸಿದರು, ಕಂಪಾಸ್ ತೋರಿಸಿದರು. ಚಿಕ್ಕಪ್ಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಜಾಗ ಆರಿಸಿದವರು ಯಾರು ಎಂದು ಕೇಳಿದಾಗ ಮೇಡಂ ನನ್ನ ಕಡೆ ತೋರಿಸಿದರು. ಚಿಕ್ಕಪ್ಪ ನನ್ನತ್ತ ತಿರುಗಿದರು. ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

“ಈ ದಪನೂ ಯೋಳ್ಲಿಲ್ಲ ನೀನು” ಎಂದರು.

ಹನ್ನೊಂದು ವರ್ಷದ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಅದು. ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಒಂದೇ ಮನುಷ್ಯನಿಗೆ ಎರಡು ಸಲ ಮಾಡಿದ್ದೆ.

ಜನ ಮಾತ್ರ ಇನ್ನೂ ನಂಬಿರಲಿಲ್ಲ. ಆಟ ಅಂದ್ರೆ ಆಡಿ ತೋರ್ಸಿ ಎಂದು ಫೈಲಿನವರೊಬ್ಬರು ಹಟ ಹಿಡಿದರು. ಮೇಡಂ ನಲವತ್ತು ವರ್ಷ ಮಕ್ಕಳ ಜಗಳ ಬಿಡಿಸಿದವರು. ನನ್ನ ಮುಖ, ಚಿಕ್ಕಪ್ಪನ ಮುಖ ಎರಡನ್ನೂ ನೋಡಿದ್ದರು. ಸೀಟಿ ಊದಿದರು. “ಯಜಮಾನ್ರೇ, ನೀವು ಈ ಬಂಡೆ ಮೇಲೆ ಕೂತ್ಕೊಳ್ಳಿ. ಇವರು ಬರಿಗೈಲಿ ಹೋಗ್ತಾರೆ. ನೀವು ಫೋನಲ್ಲಿ ಹೇಳಿದ ಕಡೆ ಹೋಗಬೇಕು, ಅದೇ ಆಟ. ನಕ್ಷೆ ಕೊಡ್ಲಾ?”

“ನಂಗ್ಯಾಕಮ್ಮ ನಕ್ಷೆ” ಎಂದು ಚಿಕ್ಕಪ್ಪ ಬಂಡೆಯ ಮೇಲೆ ಕೂತರು. ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡರು. ಜೇಬಿನಿಂದ ಗುಂಡಿಗಳಿರುವ ಹಳೇ ಫೋನು ತೆಗೆದು, ನಂಬರ್ ಕೇಳದೆ ಒತ್ತಿದರು. ನನ್ನ ಫೋನಿನ ಪರದೆಯ ಮೇಲೆ ‘ಚಿಕ್ಕಪ್ಪ’ ಎಂದು ಬಂತು. ಒಂದು ರಿಂಗು ಪೂರ್ತಿಯಾಗುವ ಮೊದಲೇ ಎತ್ತಿದೆ.

“ಬದುವಿನ ಮ್ಯಾಲೆ ತೆಂಕ್ಲಕ್ ನಡಿ.”

ನಡೆದೆ. ಅವರಿಗೆ ಕಿವಿ ಮಂದವಾಗಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆಂದು ಚಿಕ್ಕಮ್ಮನಿಂದ ನನಗೆ ಗೊತ್ತಿತ್ತು. ಅಂದರೆ ನಾನು ಆಡುವುದನ್ನು ಆ ಇಪ್ಪತ್ತು ಮೂವತ್ತು ಜನವೂ ಕೇಳುತ್ತಾರೆ. ರಾಗಿ ಕೊಯ್ದ ಕೂಳೆ ಕಾಲಿಗೆ ಚುಚ್ಚುತ್ತಿತ್ತು.

“ಬಾಂದುಕಲ್ಲು ಬಂತಾ?”

“ಬಂತು ಚಿಕ್ಕಪ್ಪ.”

“ಪಡುವ್ಲಕ್ ತಿರುಗು.”

“ಕಾಂಪೌಂಡ್ ಇದೆ.”

“ಬಡಗ್ಲ ಮೂಲೇಲಿ ಸಣ್ ಗೇಟೈತೆ, ದೂಡು.”

ಗೇಟು ಇತ್ತು. ದೂಡಿದೆ. ಲೇಔಟಿನ ಸಿಮೆಂಟ್ ರಸ್ತೆ. ಎರಡೂ ಕಡೆ ಮನೆಗಳು, ಕಾರುಗಳು. ಮಾರಿದ ಮೇಲೆ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ಎಲ್ಲಿ ಏನಿತ್ತು ಎಂದು ನನಗೆ ತಿಳಿಯಲಿಲ್ಲ. ಹುಟ್ಟಿದ ನೆಲದಲ್ಲೇ ದಿಕ್ಕು ತಪ್ಪಿದಂತಾಯಿತು. ಚಿಕ್ಕಪ್ಪ ಮಾತ್ರ ಅರ್ಧ ಮೈಲಿ ಆಚೆ ಬಂಡೆಯ ಮೇಲೆ ಕೂತು ಒಂದೊಂದು ಹೆಜ್ಜೆಯನ್ನೂ ಹೇಳುತ್ತಿದ್ದರು. ಎಪ್ಪತ್ತೆಜ್ಜೆ ಪಡುವ್ಲಕ್ಕೆ. ಹಳದಿ ಮನೆ ಬಂದ್ರೆ ಹದಿನೈದೆಜ್ಜೆ ತೆಂಕ್ಲಕ್ಕೆ. ಅಲ್ಲಿ ಬಂದು ಎಷ್ಟು ಸಲ ನಿಂತಿದ್ದರೋ ಏನೋ, ಅಷ್ಟು ಕರಾರುವಾಕ್ಕು.

“ನಿಂತ್ಕೋ. ಏನೈತೆ ಅಲ್ಲಿ?”

“ರೋಡು.”

“ಕೆಳುಗ್ ನೋಡು.”

ನೋಡಿದೆ. ರಸ್ತೆ ಅಲ್ಲಿ ದುಂಡಗೆ ಕುಸಿದಿತ್ತು. ಮೂರು ಸಲ ತೇಪೆ ಹಾಕಿದ ಗುರುತು, ಆದರೂ ಕುಸಿದಿತ್ತು. ಯಾರೋ ಕಾರು ತೊಳೆದ ನೀರು ತಗ್ಗಿನಲ್ಲಿ ನಿಂತಿತ್ತು. ಇಂಥ ತಗ್ಗಿಗೆ ನಮ್ಮ ಆಟದ ನಕ್ಷೆಯಲ್ಲಿ ಒಂದು ಸಣ್ಣ ಗುರುತು ಹಾಕುತ್ತಾರೆ, ಅಷ್ಟೇ.

“ತಗ್ಗಾಗಿದೆ ಚಿಕ್ಕಪ್ಪ.”

“ಎಷ್ಟಗಲ?”

“ನಮ್ಮ ಬಾವಿಯಷ್ಟು.”

ಫೋನಿನಲ್ಲಿ ಸದ್ದಿಲ್ಲ. ಚಿಕ್ಕಪ್ಪ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಕಟ್ಟೆಯ ಮೇಲೆ ಹಗ್ಗ ಹಿಡಿದು ಕೂತಾಗಲೂ ಅವರು ಹೀಗೇ, ನಾನಾಗಿ ಕೈಕಾಲು ಬಡಿಯುವವರೆಗೂ ಸುಮ್ಮನಿರುತ್ತಿದ್ದರು.

“ಮಾರೋ ಮುಂಚೆ ನಿಮಗೆ ಹೇಳ್ಬೇಕಿತ್ತು ಚಿಕ್ಕಪ್ಪ” ಎಂದೆ. “ಫೋನೂ ಎತ್ಲಿಲ್ಲ. ತಪ್ಪಾಯ್ತು.”

“ಜೋರಾಗ್ ಯೋಳು. ಕೇಳುಸ್ನಿಲ್ಲ.”

ಕೇಳಿಸಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ಜೋರಾಗಿ ಹೇಳಿದೆ. ಹಳದಿ ಮನೆಯ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದ ಹೆಂಗಸು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಟ್ರ್ಯಾಕ್ ಪ್ಯಾಂಟ್ ಹಾಕಿದ ಹೊಟ್ಟೆ ಮನುಷ್ಯನೊಬ್ಬ ನೀರು ನಿಂತ ತಗ್ಗಿನ ಅಂಚಿನಲ್ಲಿ ನಿಂತು, ತಪ್ಪಾಯ್ತು ಎಂದು ಕೂಗಿ ಅಳುತ್ತಿದ್ದ. ನಾಚಿಕೆಯೇನೂ ಆಗಲಿಲ್ಲ.

ಚಿಕ್ಕಪ್ಪ ಕೆಮ್ಮಿದ್ದು ಕೇಳಿಸಿತು.

“ಸರಿ. ಮನೆತಾವ್ಕ್ ಬಾ. ನಾನೂ ಬತ್ತೀನಿ. ನಿಮ್ ಚಿಕ್ಕಮ್ಮ ಮುದ್ದೆಗೆ ಎಸರಿಟ್ಟವ್ಳೆ.”

ಕಣ್ಣೊರೆಸಿಕೊಂಡು, ಆಟದ ಗುಂಗಿನಲ್ಲೇ ಕೇಳಿದೆ. “ಇಲ್ಲಿಂದ ಯಾವ ಕಡೆಗೆ ಚಿಕ್ಕಪ್ಪ? ಎಷ್ಟು ಹೆಜ್ಜೆ?”

“ಅದುನ್ನೂ ಯೋಳ್ಬೇಕಾ?” ಎಂದು ಅವರು ಫೋನ್ ಇಟ್ಟರು.